ಕೆರೆಗಳಲ್ಲಿ ಶರತ್ಕಾಲದ ಪಕ್ಷಿ ಗಣತಿ: ಸ್ಥಳೀಯ ತಂಡಗಳಿಗೆ ಮಾಹಿತಿ

ಪೀಠಿಕೆ

ಕರ್ನಾಟಕದ ಕೆರೆಗಳು ಬೇಸಾಯಕ್ಕಾಗಿ ಕಟ್ಟಲ್ಪಟ್ಟವು. ಏರಿ, ತೂಬು, ಕೋಡಿ ಮತ್ತು ಅಚ್ಚುಕಟ್ಟುಗಳೊಡನೆ ರೂಪುಗೊಂಡ ಈ ಜಲಾಶ್ರಯಗಳು ಕಾಲಕ್ರಮೇಣ ನೀರುಹಕ್ಕಿಗಳ ಆವಾಸವೂ ಆಗಿವೆ. ಇಂತಹ ಕೆರೆಗಳಲ್ಲಿ ಪಕ್ಷಿಗಳನ್ನು ಎಣಿಸುವ ಕಾರ್ಯವನ್ನು ಯುವಕ ಸಂಘಗಳು, ಶಾಲಾ ಪರಿಸರ ಕೂಟಗಳು, ಕೆರೆ ಬಳಕೆದಾರರ ಸಂಘಗಳು ಹಾಗೂ ಪಕ್ಷಿವೀಕ್ಷಕರ ತಂಡಗಳು ಕೈಗೊಳ್ಳಬಹುದಾಗಿದೆ. ತಮ್ಮ ಊರಿನ ಕೆರೆಯಲ್ಲಿ ಆಶ್ವಯುಜ–ಕಾರ್ತಿಕ ಮಾಸಗಳಲ್ಲಿ, ಅಂದರೆ ಸುಮಾರಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಅವಧಿಯಲ್ಲಿ, ಗಣತಿ ನಡೆಸಲು ಇಚ್ಛಿಸುವ ಸಾರ್ವಜನಿಕರಿಗೆ ಅಗತ್ಯವಾದ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಗಣತಿಯ ಅಂಕಿಅಂಶಗಳಿಗೆ ಇರುವ ಮಹತ್ವ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. (ಬೆಂಗಳೂರಿನ ಸಮೀಪದ ಮಾಗಡಿ ಪಟ್ಟಣವೆಂದು ಭಾವಿಸಬಾರದು; ಪತ್ರವ್ಯವಹಾರಗಳಲ್ಲಿ ಈ ಗೊಂದಲ ಉಂಟಾಗುವ ಸಾಧ್ಯತೆ ಇರುವುದರಿಂದ ತಾಲ್ಲೂಕು ಮತ್ತು ಜಿಲ್ಲೆಯ ಹೆಸರನ್ನು ತಪ್ಪದೆ ಬರೆಯತಕ್ಕದ್ದು.) ಸುಮಾರು 50 ಹೆಕ್ಟೇರ್ ವಿಸ್ತೀರ್ಣದ ಈ ಕೆರೆಯನ್ನು ಮಳೆನೀರನ್ನು ಸಂಗ್ರಹಿಸಿ ನೀರಾವರಿಗೆ ಒದಗಿಸುವ ಸಲುವಾಗಿ ನಿರ್ಮಿಸಲಾಗಿತ್ತು. ಇಂದು ಇದು ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲೊಂದೆಂದು ಗುರುತಿಸಲ್ಪಟ್ಟಿದೆ. ಇಲ್ಲಿ 166ಕ್ಕೂ ಹೆಚ್ಚು ಪ್ರಭೇದದ ಪಕ್ಷಿಗಳು ದಾಖಲಾಗಿದ್ದು, ಅವುಗಳಲ್ಲಿ 130 ವಲಸೆ ಬರುವಂಥವು. 2024ರಲ್ಲಿ ಮಾಗಡಿ ಕೆರೆ ಹಾಗೂ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಎರಡೂ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರ್ಪಡೆಯಾದವು. ಎರಡೂ ಹಳ್ಳಿಯ ನೀರಾವರಿ ಕೆರೆಗಳೇ ಎಂಬುದು ಗಮನಾರ್ಹ.

ಇಂತಹ ಮನ್ನಣೆಗೆ ಇರುವ ಮಾನದಂಡಗಳಲ್ಲಿ ಎರಡು ನೇರವಾಗಿ ಎಣಿಕೆಯನ್ನೇ ಆಧರಿಸಿವೆ. ಒಂದು, ಸದರಿ ತಾಣದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನೀರುಹಕ್ಕಿಗಳು ನಿಯಮಿತವಾಗಿ ಇರುವುದು. ಎರಡು, ಯಾವುದಾದರೊಂದು ನೀರುಹಕ್ಕಿಯ ಒಟ್ಟು ಸಂಖ್ಯೆಯ ಶೇಕಡಾ 1ರಷ್ಟು ಅಲ್ಲಿ ನಿಯಮಿತವಾಗಿ ಕಂಡುಬರುವುದು. ಇಲ್ಲಿ "ನಿಯಮಿತವಾಗಿ" ಎಂಬ ಪದಕ್ಕೆ ನಿಶ್ಚಿತ ಅರ್ಥವಿದೆ. ಸಾಕಷ್ಟು ಮಾಹಿತಿ ಲಭ್ಯವಿರುವ ಋತುಗಳಲ್ಲಿ ಮೂರನೆಯ ಎರಡು ಭಾಗದಷ್ಟು ಋತುಗಳಲ್ಲಾದರೂ ಆ ಸಂಖ್ಯೆ ಕಂಡುಬಂದಿರಬೇಕು. ಮತ್ತು ಅಂತಹ ಋತುಗಳು ಮೂರಕ್ಕಿಂತ ಕಡಿಮೆ ಇರಬಾರದು. ಇಲ್ಲವೇ, ಕನಿಷ್ಠ ಐದು ವರ್ಷಗಳ ಗರಿಷ್ಠ ಎಣಿಕೆಗಳ ಸರಾಸರಿಯು ಆ ಮಟ್ಟವನ್ನು ಮುಟ್ಟಬೇಕು. ಆದ್ದರಿಂದ ಒಂದೇ ವರ್ಷದ ಎಣಿಕೆ ಎಷ್ಟೇ ದೊಡ್ಡದಾಗಿದ್ದರೂ ಕೆರೆಯ ಪರವಾಗಿ ಅದು ಹೆಚ್ಚು ದೂರ ಸಾಗುವುದಿಲ್ಲ. ಮಧ್ಯದಲ್ಲಿ ಎರಡು ವರ್ಷ ಎಣಿಕೆ ಬಿಟ್ಟುಹೋದರೆ, ಆ ವರ್ಷಗಳನ್ನು ಮತ್ತೆ ಎಣಿಸಲು ಯಾರಿಂದಲೂ ಸಾಧ್ಯವಿಲ್ಲ.

ಎಲ್ಲ ಕೆರೆಗಳೂ ರಾಮ್ಸಾರ್ ಪಟ್ಟಿಗೆ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ. ಆದರೆ ಹೂಳೆತ್ತುವ ಕಾಮಗಾರಿಯನ್ನು ಯಾವ ತಿಂಗಳಲ್ಲಿ ಕೈಗೊಳ್ಳಬೇಕು, ಜೊಂಡನ್ನು ಪೂರ್ಣವಾಗಿ ತೆಗೆಯಬೇಕೇ ಅಥವಾ ಒಂದು ಭಾಗವನ್ನು ಉಳಿಸಬೇಕೇ, ಕೆರೆಯ ಸುತ್ತ ನಡೆದಾಡುವ ದಾರಿ ನಿರ್ಮಿಸುವಾಗ ಯಾವ ದಂಡೆಯನ್ನು ಬಿಡಬೇಕು ಎಂಬಂತಹ ತೀರ್ಮಾನಗಳು ಪ್ರತಿಯೊಂದು ಕೆರೆಯ ವಿಷಯದಲ್ಲಿಯೂ ಆಗುತ್ತವೆ. ಆ ಸಂದರ್ಭದಲ್ಲಿ "ಇಲ್ಲಿ ಬಹಳ ಹಕ್ಕಿಗಳಿವೆ" ಎಂಬ ಮಾತಿಗಿಂತ ನಾಲ್ಕು ವರ್ಷದ ದಿನಾಂಕಸಹಿತ ಎಣಿಕೆಯ ಪಟ್ಟಿಗೆ ಹೆಚ್ಚಿನ ಬೆಲೆ ಇದೆ.

ಶರತ್ಕಾಲದಲ್ಲಿ ಎಣಿಸುವುದೇಕೆ

ಏಷ್ಯಾ ನೀರುಹಕ್ಕಿ ಗಣತಿಯು 1987ರಿಂದ ಪ್ರತಿವರ್ಷ ಜನವರಿ ತಿಂಗಳಲ್ಲಿ ನಡೆಯುತ್ತಾ ಬಂದಿದೆ. ಚಳಿಗಾಲದ ನಡುವೆ ವಲಸೆ ಹಕ್ಕಿಗಳು ಒಂದೆಡೆ ನೆಲೆನಿಂತಿರುವುದರಿಂದ ಆ ಕಾಲವನ್ನು ಆರಿಸಿಕೊಳ್ಳಲಾಗಿದೆ. ಶರತ್ಕಾಲದ ಗಣತಿಯು ಅದಕ್ಕೆ ಪರ್ಯಾಯವಲ್ಲ, ಪೂರಕ. ಜನವರಿಯ ಎಣಿಕೆಯಿಂದ ಎಷ್ಟು ಹಕ್ಕಿಗಳು ಇವೆ ಎಂಬುದು ತಿಳಿಯುತ್ತದೆ; ಅವು ಯಾವಾಗ ಬಂದವು, ಯಾವ ಕ್ರಮದಲ್ಲಿ ಬಂದವು, ಯಾವುವು ಕೆಲವೇ ದಿನ ತಂಗಿ ಮುಂದೆ ಸಾಗಿದವು ಎಂಬುದು ತಿಳಿಯುವುದಿಲ್ಲ.

ವಲಸೆಯ ಆಗಮನ ಒಮ್ಮೆಗೇ ಆಗುವುದಿಲ್ಲ. ಅಡವಿ ಗೊರವ, ಹಸಿರು ಗೊರವ ಮುಂತಾದ ಕೆಸರು ದಂಡೆಯ ಹಕ್ಕಿಗಳು ಆಗಸ್ಟ್ ತಿಂಗಳಲ್ಲಿಯೇ ಕಾಣಿಸಿಕೊಳ್ಳತೊಡಗುತ್ತವೆ. ಬೂದು ಸಿಪಿಲೆ ಸೆಪ್ಟೆಂಬರ್ ವೇಳೆಗೆ ಬರುತ್ತದೆ. ವಲಸೆ ಬಾತುಗಳಲ್ಲಿ ಸಾಮಾನ್ಯವಾಗಿ ಬಿಳಿಹುಬ್ಬಿನ ಬಾತು ಮೊದಲು ಬರುತ್ತದೆ. ಸೂಜಿಬಾಲದ ಬಾತು ಹಾಗೂ ಸಲಿಕೆಯಂತಹ ಅಗಲ ಕೊಕ್ಕಿನ ಚಲುಕ ಬಾತು ಅನಂತರ ಬರುತ್ತವೆ. ಮಂಗೋಲಿಯಾ, ಟಿಬೆಟ್ ಮತ್ತು ಲಡಾಖ್ ಪ್ರದೇಶಗಳಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ಕೆರೆಗಳನ್ನು ತಲುಪುವುದು ಬಹುತೇಕ ನವೆಂಬರ್ ಅಥವಾ ಅದರ ನಂತರ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಬೀಳುವ ಈ ದಿನಗಳಲ್ಲಿಯೇ ಹಿಂಗಾರು ಬೇಸಾಯದ ಕೆಲಸ, ಮೂರ್ತಿಗಳ ವಿಸರ್ಜನೆ, ದೀಪಾವಳಿ ಮುಂತಾದುವೂ ಬರುವುದರಿಂದ ಕೆರೆಯ ದಂಡೆಯಲ್ಲಿ ಜನಸಂಚಾರ ಹೆಚ್ಚಿರುತ್ತದೆ.

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನವಾಗಿದೆ. ಆ ದಿನವನ್ನು ಗಣತಿಗೆ ನಿಗದಿಪಡಿಸಿಕೊಂಡರೆ ಪ್ರತಿವರ್ಷ ದಿನಾಂಕ ನೆನಪಿನಲ್ಲಿ ಉಳಿಯುತ್ತದೆ. ಸಾಧ್ಯವಿರುವ ತಂಡಗಳು ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ, ನವೆಂಬರ್ ನಡುವೆ ಒಮ್ಮೆ ಪುನಃ ಎಣಿಸಬಹುದು.

ನೀರಿನ ಮಟ್ಟವನ್ನು ದಾಖಲಿಸುವುದು

ಶರತ್ಕಾಲದ ಗಣತಿಯಲ್ಲಿ ಅತ್ಯಂತ ಮುಖ್ಯವಾದ, ಆದರೆ ಸುಲಭವಾಗಿ ಬಿಟ್ಟುಹೋಗಬಹುದಾದ ಅಂಶ ಇದು. ನೀರಿನ ಮಟ್ಟವನ್ನು ಬರೆಯದ ಎಣಿಕೆಯಿಂದ ತಪ್ಪು ನಿರ್ಣಯಕ್ಕೆ ಬರುವ ಸಂಭವ ಹೆಚ್ಚು.

ಮಳೆ ಚೆನ್ನಾಗಿ ಆದ ವರ್ಷ ಕೆರೆ ಕೋಡಿ ಬಿದ್ದಿರುತ್ತದೆ. ಅದೇ ಸಮಯದಲ್ಲಿ ಸುತ್ತಲಿನ ಸಣ್ಣ ಕಟ್ಟೆ, ಕುಂಟೆ, ಹಳ್ಳ, ಗದ್ದೆಬಯಲುಗಳಲ್ಲೂ ನೀರು ನಿಂತಿರುತ್ತದೆ. ಹಕ್ಕಿಗಳು ಇವೆಲ್ಲವುಗಳಲ್ಲಿ ಹಂಚಿಹೋಗುತ್ತವೆ. ಏರಿಯವರೆಗೆ ನೀರು ತುಂಬಿದ ದೊಡ್ಡ ಕೆರೆಯಲ್ಲಿ ಕೆಸರಿನ ಅಂಚೇ ಉಳಿದಿರುವುದಿಲ್ಲವಾದ್ದರಿಂದ ಗೊರವಗಳಿಗೆ ನಿಲ್ಲಲು ತಾವಿರುವುದಿಲ್ಲ. ತಲೆಯನ್ನು ಮಾತ್ರ ಮುಳುಗಿಸಿ ಮೇಯುವ ಬಾತುಗಳಿಗೆ ಆಳವಾದ ನೀರು ಒಗ್ಗುವುದಿಲ್ಲ. ಮುಳುಗಿ ಬೇಟೆಯಾಡುವ ಗುಳುಮುಳುಕ, ನೀರುಕಾಗೆಗಳಿಗೆ ಮಾತ್ರ ಅಡಚಣೆ ಇಲ್ಲ. ಹೀಗಾಗಿ ಉತ್ತಮ ಮಳೆಯ ವರ್ಷದಲ್ಲಿ ಅಕ್ಟೋಬರ್ ತಿಂಗಳ ಎಣಿಕೆ ಕುಸಿಯಬಹುದು.

ಮಳೆ ಕೈಕೊಟ್ಟ ವರ್ಷ ಇದಕ್ಕೆ ತದ್ವಿರುದ್ಧ. ಸುತ್ತಲಿನ ಹತ್ತು ಕೆರೆಗಳು ಬತ್ತಿ ಒಂದರಲ್ಲಿ ಮಾತ್ರ ನೀರು ಉಳಿದರೆ, ಹತ್ತೂ ಕೆರೆಗಳ ಹಕ್ಕಿಗಳು ಅಲ್ಲಿಗೇ ಬಂದು ಸೇರುತ್ತವೆ. ಆ ಕೆರೆಯ ಎಣಿಕೆ ಹಿಂದೆಂದೂ ಇಲ್ಲದಷ್ಟು ಏರುತ್ತದೆ. ಇದನ್ನು ಕೆರೆಯ ಅಭಿವೃದ್ಧಿಯ ಫಲವೆಂದು ವರದಿ ಮಾಡಿದರೆ ವಾಸ್ತವದಲ್ಲಿ ಹಕ್ಕಿಗಳಿಗೆ ಒದಗಿದ ಸಂಕಷ್ಟವನ್ನೇ ಸಾಧನೆಯೆಂದು ಬರೆದಂತಾಗುತ್ತದೆ. ಅಂತೆಯೇ ಮಳೆಯ ವರ್ಷದ ಕಡಿಮೆ ಎಣಿಕೆಯನ್ನು ಮುಂದಿಟ್ಟುಕೊಂಡು "ಈ ಕೆರೆಗೆ ಈಗ ಹಕ್ಕಿಗಳೇ ಬರುವುದಿಲ್ಲ" ಎಂದು ವಾದಿಸಿ, ದಂಡೆಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೋರುವವರೂ ಇರಬಹುದು. ಎರಡೂ ಸಂದರ್ಭಗಳಲ್ಲಿ ತಂಡದ ಬಳಿ ನೀರಿನ ಮಟ್ಟದ ದಾಖಲೆ ಇದ್ದಲ್ಲಿ ಮಾತ್ರ ಸರಿಯಾದ ಉತ್ತರ ನೀಡಲು ಸಾಧ್ಯ.

ಇದಕ್ಕೆ ಉಪಕರಣಗಳೇನೂ ಬೇಕಿಲ್ಲ. ತೂಬಿನ ಕಲ್ಲುಕಂಬ ಅಥವಾ ಸೋಪಾನದಲ್ಲಿ ನೀರಿನ ಮೇಲೆ ಕಾಣುವ ಮೆಟ್ಟಿಲುಗಳೆಷ್ಟು, ಕೋಡಿ ಹರಿಯುತ್ತಿದೆಯೇ, ನೀರಿನ ಅಂಚಿನಿಂದ ಹುಲ್ಲಿನ ಅಂಚಿನವರೆಗೆ ಕೆಸರು ಎಷ್ಟು ಹೆಜ್ಜೆ ಅಗಲವಿದೆ, ಜೊಂಡು ಹಾಗೂ ತೇಲುಕಳೆಯು ಕೆರೆಯ ಎಷ್ಟು ಪಾಲನ್ನು ಆವರಿಸಿದೆ ಎಂಬುದನ್ನು ಬರೆದುಕೊಂಡರೆ ಸಾಕು. ಪ್ರತಿವರ್ಷ ಒಂದೇ ಸ್ಥಳದಲ್ಲಿ ನಿಂತು ಒಂದೇ ದಿಕ್ಕಿಗೆ ಒಂದು ಛಾಯಾಚಿತ್ರ ತೆಗೆಯುವುದು ಉತ್ತಮ. ಹತ್ತಿರದ ನಾಲ್ಕೈದು ಕೆರೆಗಳಲ್ಲಿ ನೀರಿದೆಯೇ ಇಲ್ಲವೇ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸತಕ್ಕದ್ದು. ಊರಿನಲ್ಲಿ ನೀರುಗಂಟಿಗಳು ಇನ್ನೂ ಇದ್ದಲ್ಲಿ ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಸೂಕ್ತ. ಯಾವ ವರ್ಷ ಯಾವ ಮಳೆಗೆ ಕೆರೆ ತುಂಬಿತೆಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ವಿರಳ.

ಪಟ್ಟಣದ ಕೆರೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ವರ್ಷವಿಡೀ ಚರಂಡಿ ನೀರು ಹರಿದುಬರುವ ಕೆರೆಯಲ್ಲಿ ಮಟ್ಟ ಇಳಿಯುವುದೇ ಇಲ್ಲ. ಅಂತಹ ಕಡೆ ಮೆಟ್ಟುಗಾಲು ಹಕ್ಕಿಗಳ ದೊಡ್ಡ ಗುಂಪು ಕಂಡುಬಂದ ಮಾತ್ರಕ್ಕೆ ನೀರು ಶುದ್ಧವಾಗಿದೆ ಎನ್ನಲಾಗದು. ಮಲಿನ ನೀರನ್ನೂ ಸಹಿಸಿಕೊಳ್ಳುವ ಹಕ್ಕಿ ಅದು. ಆದ್ದರಿಂದ ಒಟ್ಟು ಸಂಖ್ಯೆಯನ್ನು ಮಾತ್ರವಲ್ಲದೆ ಪ್ರತಿ ಪ್ರಭೇದದ ಸಂಖ್ಯೆಯನ್ನೂ ಪ್ರತ್ಯೇಕವಾಗಿ ನೀಡುವುದು.

ಎಣಿಸುವ ಕ್ರಮ

ಬೆಳಗಿನ ಸೂರ್ಯೋದಯದ ನಂತರದ ಎರಡು ಗಂಟೆಗಳು ಸಾಮಾನ್ಯವಾಗಿ ಸೂಕ್ತ. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ. ತೂಬು, ಕೋಡಿ, ದೇವಸ್ಥಾನ, ದೊಡ್ಡ ಮರ ಮುಂತಾದ ಶಾಶ್ವತ ಗುರುತುಗಳನ್ನು ಆಧರಿಸಿ ಕೆರೆಯನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೆ ಇಬ್ಬರಿಂದ ಮೂವರನ್ನು ನೇಮಿಸಬೇಕು. ಒಬ್ಬರು ಎಣಿಸುವುದು, ಇನ್ನೊಬ್ಬರು ಬರೆಯುವುದು. ಎಣಿಸುವವರೇ ಬರೆಯಲು ಕಣ್ಣು ತೆಗೆದರೆ ಗುಂಪಿನಲ್ಲಿ ಎಲ್ಲಿ ನಿಲ್ಲಿಸಿದೆವೆಂಬುದು ತಪ್ಪಿಹೋಗುತ್ತದೆ. ಒಂದು ಭಾಗದಿಂದ ಇನ್ನೊಂದಕ್ಕೆ ಹಾರಿದ ಗುಂಪನ್ನು ಸಮಯಸಹಿತ ಟಿಪ್ಪಣಿ ಮಾಡಿಕೊಂಡು, ಕೊನೆಯಲ್ಲಿ ಎಲ್ಲ ತಂಡಗಳೂ ಕುಳಿತು ಎರಡು ಬಾರಿ ಎಣಿಕೆಯಾದುದನ್ನು ಕಳೆಯಬೇಕು.

ನೂರಕ್ಕಿಂತ ಕಡಿಮೆ ಇರುವ ಗುಂಪನ್ನು ಒಂದೊಂದಾಗಿ ಎಣಿಸಬಹುದು. ದೊಡ್ಡ ಗುಂಪಿನಲ್ಲಿ ಮೊದಲು ಹತ್ತು ಅಥವಾ ಐವತ್ತು ಹಕ್ಕಿಗಳನ್ನು ಎಣಿಸಿ, ಅವು ಆವರಿಸುವ ಜಾಗವನ್ನು ಕಣ್ಣಳತೆಯಲ್ಲಿ ಹಿಡಿದು, ಅಂತಹ ಎಷ್ಟು ಜಾಗಗಳಾಗುತ್ತವೆ ಎಂದು ಲೆಕ್ಕ ಹಾಕಬೇಕು. ಗುಂಪು ಒಂದೆಡೆ ದಟ್ಟವಾಗಿಯೂ ಇನ್ನೊಂದೆಡೆ ವಿರಳವಾಗಿಯೂ ಇರುವುದರಿಂದ ಅಳತೆಯನ್ನು ದಟ್ಟ ಭಾಗದಲ್ಲಿ ಬೇರೆ, ವಿರಳ ಭಾಗದಲ್ಲಿ ಬೇರೆ ಹಿಡಿಯುವುದು ಅವಶ್ಯ. ಇಬ್ಬರು ಪ್ರತ್ಯೇಕವಾಗಿ ಎಣಿಸಿ, ಎರಡು ಲೆಕ್ಕಗಳ ನಡುವೆ ಹೆಚ್ಚಿನ ಅಂತರ ಬಂದಲ್ಲಿ ಮತ್ತೊಮ್ಮೆ ಎಣಿಸಬೇಕು. ಅಂದಾಜಿನ ಸಂಖ್ಯೆಯನ್ನು "ಅಂದಾಜು" ಎಂದೇ ನಮೂದಿಸತಕ್ಕದ್ದು.

ಹೆಬ್ಬಾತುಗಳಿರುವ ಕೆರೆಗಳಲ್ಲಿ ಸಮಯದ ಬಗ್ಗೆ ವಿಶೇಷ ಗಮನ ಬೇಕು. ಅವು ರಾತ್ರಿ ಮತ್ತು ಮುಂಜಾವಿನ ವೇಳೆ ಹೊಲಗಳಲ್ಲಿ ಮೇಯ್ದು ಹಗಲಿನಲ್ಲಿ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಬೆಳಗ್ಗೆ ಆರೂವರೆಗೆ ಎಣಿಸಿ ಹೊರಟುಹೋದ ತಂಡವು ಅನಂತರ ಮರಳುವ ಹಿಂಡನ್ನು ಕಾಣುವುದೇ ಇಲ್ಲ. ಜೊಂಡಿನೊಳಗೆ ಅಡಗಿರುವ ನೇರಳೆ ಜಂಬುಕೋಳಿ, ದೇವನಕ್ಕಿ ಮುಂತಾದುವುಗಳ ಎಣಿಕೆ ಯಾವಾಗಲೂ ನೈಜ ಸಂಖ್ಯೆಗಿಂತ ಕಡಿಮೆಯೇ ಇರುತ್ತದೆ. ಅದನ್ನು ಊಹೆಯಿಂದ ಹೆಚ್ಚಿಸಬಾರದು.

ಗುರುತಿಸುವಲ್ಲಿ ಉಂಟಾಗುವ ತೊಡಕು

ಜನವರಿಯಲ್ಲಿ ಸುಲಭವಾಗಿ ಗುರುತಿಸಬಹುದಾದ ಬಾತುಗಳು ಅಕ್ಟೋಬರ್‌ನಲ್ಲಿ ಗೊಂದಲ ಉಂಟುಮಾಡುತ್ತವೆ. ಮರಿಮಾಡಿದ ನಂತರ ಗಂಡು ಬಾತುಗಳು ಬಣ್ಣದ ಗರಿಗಳನ್ನು ಕಳಚಿ ಕೆಲಕಾಲ ಹೆಣ್ಣಿನಂತೆಯೇ ಮಂಕಾದ ಕಂದು ಬಣ್ಣದಲ್ಲಿರುತ್ತವೆ. ಬಿಳಿಹುಬ್ಬಿನ ಬಾತಿನ ಗಂಡಿಗೆ ಹೆಸರಿಗೆ ಕಾರಣವಾದ ಬಿಳಿಯ ಹುಬ್ಬೇ ಈ ಅವಧಿಯಲ್ಲಿ ಇರುವುದಿಲ್ಲ. ಇದರೊಡನೆ ಆ ವರ್ಷದ ಮರಿಗಳೂ ಸೇರಿರುತ್ತವೆ. ಖಚಿತವಾಗಿ ಹೇಳಲಾಗದಿದ್ದಲ್ಲಿ "ಗುರುತಿಸಲಾಗದ ಬಾತು – ಇಷ್ಟು" ಎಂದು ಬರೆಯುವುದು ದೋಷವಲ್ಲ. ಊಹಿಸಿ ಬರೆದ ಹೆಸರು ಮಾತ್ರ ದೋಷ. ಅದು ಮುಂದಿನ ವರ್ಷಗಳ ಹೋಲಿಕೆಯನ್ನೂ ಕೆಡಿಸುತ್ತದೆ. ಅಳಿವಿನ ಅಪಾಯದಲ್ಲಿರುವ ಪ್ರಭೇದಗಳನ್ನು, ಉದಾಹರಣೆಗೆ ಮಾಗಡಿ ಕೆರೆಯಲ್ಲಿ ದಾಖಲಾಗಿರುವ ಕೆಂಪು ತಲೆಯ ಪೋಚಾರ್ಡ್ ಬಾತು ಮತ್ತು ನದಿ ರೀವ ಹಕ್ಕಿಯನ್ನು ವರದಿ ಮಾಡುವಾಗ ಛಾಯಾಚಿತ್ರವನ್ನು ಲಗತ್ತಿಸುವುದು ಅಪೇಕ್ಷಣೀಯ.

ಸೊನ್ನೆಯನ್ನು ನಮೂದಿಸುವುದು

ನಿರೀಕ್ಷಿತ ಹಕ್ಕಿ ಕಾಣದಿದ್ದಲ್ಲಿ ಅಂಕಣವನ್ನು ಖಾಲಿ ಬಿಡದೆ "0" ಎಂದು ಬರೆಯತಕ್ಕದ್ದು. ಖಾಲಿ ಅಂಕಣದಿಂದ ಹಕ್ಕಿ ಇರಲಿಲ್ಲವೋ ಅಥವಾ ಯಾರೂ ನೋಡಲಿಲ್ಲವೋ ಎಂಬುದು ತಿಳಿಯುವುದಿಲ್ಲ. ಅಕ್ಟೋಬರ್ ಎರಡನೆಯ ವಾರ ಹೆಬ್ಬಾತು 0, ನವೆಂಬರ್ ಮೂರನೆಯ ವಾರ ಹೆಬ್ಬಾತು ಇಷ್ಟು ಎಂಬ ಎರಡು ಸಾಲುಗಳಿದ್ದರೆ, ಆಗಮನವು ಈ ನಡುವಿನ ದಿನಗಳಲ್ಲಿ ಆಯಿತೆಂದು ನಿರ್ಧರಿಸಬಹುದು. ಇಂತಹ ದಾಖಲೆ ಹತ್ತು ವರ್ಷ ಸೇರಿದಾಗ ಆಗಮನ ತಡವಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಬರಿಗೈಯಲ್ಲಿ ಮರಳಿದೆವೆಂಬ ಬೇಸರದಿಂದ ಸೊನ್ನೆಯ ವರದಿಯನ್ನು ಸಲ್ಲಿಸದೆ ಇರುವ ತಂಡಗಳು ಈ ಅಂಶವನ್ನು ಗಮನಿಸಬೇಕಾಗಿ ಕೋರಲಾಗಿದೆ.

ಅನುಮತಿ

ಅನುಮತಿ ನೀಡುವ ಕಚೇರಿಯು ಕೆರೆಯ ಒಡೆತನ ಹಾಗೂ ಸ್ಥಾನಮಾನವನ್ನು ಅವಲಂಬಿಸಿದೆ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ಸಂಸ್ಥೆಗಳ ಉಸ್ತುವಾರಿಯಲ್ಲಿಯೂ, 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯಲ್ಲಿಯೂ ಇರುತ್ತವೆ. ಪಟ್ಟಣಗಳಲ್ಲಿ ನಗರ ಸ್ಥಳೀಯ ಸಂಸ್ಥೆಯನ್ನು ವಿಚಾರಿಸುವುದು. ಏರಿಯ ಮೇಲೆ ಸಾರ್ವಜನಿಕ ದಾರಿ ಇರುವ ಕೆರೆಯಲ್ಲಿ ನಿಂತು ಎಣಿಸಲು ತೊಂದರೆ ಇಲ್ಲವಾದರೂ, ಉಸ್ತುವಾರಿ ಸಂಸ್ಥೆಗೆ ಹಾಗೂ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಮುಂಚಿತವಾಗಿ ಪತ್ರ ನೀಡುವುದು ಒಳ್ಳೆಯದು. ದೂರದರ್ಶಕ ಹಿಡಿದು ಬೆಳಗಿನ ಜಾವ ಓಡಾಡುವ ಅಪರಿಚಿತರನ್ನು ಕಂಡು ಗ್ರಾಮಸ್ಥರು ಸಂಶಯಪಡುವುದು ಸಹಜ.

ರಂಗನತಿಟ್ಟು, ಗುಡವಿ, ಅತ್ತಿವೇರಿ ಮುಂತಾದ ಪಕ್ಷಿಧಾಮಗಳಲ್ಲಿ ವನ್ಯಜೀವಿಗಳ ಅಧ್ಯಯನಕ್ಕಾಗಿ ಪ್ರವೇಶಿಸಲು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ 28ನೇ ಪ್ರಕರಣದ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಕೆರೆಗಳಿಗೆ ಸಂಬಂಧಿಸಿದಂತೆ ಆಯಾ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸುವುದು. ಅರ್ಜಿಗೆ ನಿಗದಿತ ನಮೂನೆ ಇಲ್ಲದಲ್ಲಿ ಬಿಳಿ ಹಾಳೆಯಲ್ಲಿ ಬರೆದು ಕೊಡಬಹುದು. ಕೆರೆಯ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು, ಗೊತ್ತಿದ್ದಲ್ಲಿ ಸರ್ವೆ ನಂಬರ್, ಗಣತಿಯ ದಿನಾಂಕ ಮತ್ತು ವೇಳೆ, ಭಾಗವಹಿಸುವವರ ಸಂಖ್ಯೆ, ತಂಡದ ಮುಖ್ಯಸ್ಥರ ಹೆಸರು ಮತ್ತು ವಿಳಾಸ ಇರತಕ್ಕದ್ದು. ಶಾಲಾ ಮಕ್ಕಳಿದ್ದಲ್ಲಿ ಜವಾಬ್ದಾರಿ ಹೊರುವ ಶಿಕ್ಷಕರ ಹೆಸರನ್ನೂ ಸೇರಿಸುವುದು.

ಗೂಡು ಅಥವಾ ಮೊಟ್ಟೆಗಳಿಗೆ ಹಾನಿ ಮಾಡುವುದು ಸದರಿ ಅಧಿನಿಯಮದಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೇ ಬರುತ್ತದೆ. ಅಂಕಸಮುದ್ರದಂತೆ ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವ ಕೆರೆಗಳಲ್ಲಿ ಮರಗಳ ಸಮೀಪಕ್ಕೆ ಹೋಗಬಾರದು; ತಾಯಿ ಹಕ್ಕಿ ಬೆದರಿ ಎದ್ದರೆ ಮರಿಗಳು ಬಿಸಿಲಿಗೂ ಕಾಗೆ–ಹದ್ದುಗಳಿಗೂ ಈಡಾಗುತ್ತವೆ. ಎಣಿಕೆಯ ಅನುಕೂಲಕ್ಕಾಗಿ ಹಕ್ಕಿಗಳನ್ನು ಕಲ್ಲೆಸೆದು ಅಥವಾ ಚಪ್ಪಾಳೆ ತಟ್ಟಿ ಹಾರಿಸುವುದು, ಡ್ರೋನ್ ಬಳಸುವುದು ಕೂಡದು.

ವರದಿ ಸಲ್ಲಿಕೆ

ಗಣತಿ ಮುಗಿದ ದಿನವೇ ಪಟ್ಟಿಯನ್ನು ಶುದ್ಧಪ್ರತಿ ಮಾಡುವುದು. ದಿನಾಂಕ, ಆರಂಭ ಹಾಗೂ ಮುಕ್ತಾಯದ ವೇಳೆ, ಹವಾಮಾನ, ನೀರಿನ ಮಟ್ಟ, ಎಣಿಸಿದವರ ಸಂಖ್ಯೆ, ಪ್ರಭೇದವಾರು ಎಣಿಕೆ, ಆ ಸಮಯದಲ್ಲಿ ನಡೆಯುತ್ತಿದ್ದ ಮೀನುಗಾರಿಕೆ, ಮರಳು ಅಥವಾ ಮಣ್ಣು ತೆಗೆಯುವಿಕೆ, ತ್ಯಾಜ್ಯ ಸುರಿಯುವಿಕೆ ಇವುಗಳ ವಿವರ ಇರಬೇಕು. ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಯವರಿಗೂ ಒಂದನ್ನು ಕೆರೆಯ ಉಸ್ತುವಾರಿ ಸಂಸ್ಥೆಗೂ ನೀಡಿ ಸ್ವೀಕೃತಿ ಪಡೆಯುವುದು. ಇ-ಬರ್ಡ್ ಅಂತರ್ಜಾಲ ತಾಣದಲ್ಲಿಯೂ ಪಟ್ಟಿಯನ್ನು ದಾಖಲಿಸಬಹುದು. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಪ್ರಕಟವಾದ ವರದಿಯಲ್ಲಿ 942 ಪ್ರಭೇದಗಳನ್ನು ಪರಿಶೀಲಿಸಲಾಗಿದ್ದು, ಅದಕ್ಕೆ ಆಧಾರವಾದದ್ದು ಸಾಮಾನ್ಯ ಪಕ್ಷಿವೀಕ್ಷಕರು ಈ ರೀತಿ ಸಲ್ಲಿಸಿದ ಪಟ್ಟಿಗಳೇ.

ಸಾರ್ವಜನಿಕರ ಕೆಲವು ಪ್ರಶ್ನೆಗಳು

ಹಕ್ಕಿಯ ಕಾಲಿನಲ್ಲಿ ಉಂಗುರ ಅಥವಾ ಕೊರಳಿನಲ್ಲಿ ಪಟ್ಟಿ ಕಂಡರೆ ಏನು ಮಾಡಬೇಕು?
ಹಿಡಿಯಲು ಯತ್ನಿಸಬಾರದು. ಬಣ್ಣ, ಅಕ್ಷರ ಹಾಗೂ ಅಂಕಿಗಳನ್ನು ದೂರದಿಂದಲೇ ಓದಿ ಅಥವಾ ಛಾಯಾಚಿತ್ರ ತೆಗೆದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹಾಗೂ ಅರಣ್ಯ ಇಲಾಖೆಗೆ ತಿಳಿಸುವುದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ.

ಸತ್ತ ಹಕ್ಕಿಗಳು ಕಂಡುಬಂದರೆ?
ಮುಟ್ಟಬಾರದು, ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಬೇಕು. ಸ್ಥಳ ಮತ್ತು ಸಂಖ್ಯೆಯನ್ನು ಬರೆದುಕೊಂಡು ಹತ್ತಿರದ ಪಶು ಆಸ್ಪತ್ರೆ ಹಾಗೂ ವಲಯ ಅರಣ್ಯ ಕಚೇರಿಗೆ ಅದೇ ದಿನ ತಿಳಿಸತಕ್ಕದ್ದು.

ಹೆಬ್ಬಾತುಗಳು ಹೊಲದ ಬೆಳೆಯನ್ನು ಮೇಯುತ್ತವೆ ಎಂದು ರೈತರು ಆಕ್ಷೇಪಿಸಿದರೆ?
ಆಕ್ಷೇಪವನ್ನು ವರದಿಯಲ್ಲಿ ಯಥಾವತ್ತಾಗಿ ದಾಖಲಿಸುವುದು: ಯಾವ ಬೆಳೆ, ಯಾವ ತಿಂಗಳು, ಎಷ್ಟು ಹಕ್ಕಿಗಳು. ಇದನ್ನು ಮುಚ್ಚಿಡುವುದರಿಂದ ಹಕ್ಕಿಗಳಿಗೂ ಅನುಕೂಲವಾಗದು, ರೈತರಿಗೂ ಆಗದು.

ತಂಡದಲ್ಲಿ ಪರಿಣತರು ಇಲ್ಲದಿದ್ದರೆ ಗಣತಿ ನಡೆಸಬಹುದೇ?
ನಡೆಸಬಹುದು. ಗುಳುಮುಳುಕ, ನಾಮದ ಕೋಳಿ, ಬೆಳ್ಳಕ್ಕಿ, ಹಾವಕ್ಕಿ, ಬಣ್ಣದ ಕೊಕ್ಕರೆ, ವರಟೆ ಬಾತು ಮುಂತಾಗಿ ಖಚಿತವಾಗಿ ಗೊತ್ತಿರುವ ಹತ್ತು ಹನ್ನೆರಡು ಹಕ್ಕಿಗಳನ್ನಷ್ಟೇ ಎಣಿಸಿ, ಉಳಿದವುಗಳನ್ನು ಎಣಿಸಿಲ್ಲವೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯುವುದು. ಮುಂದಿನ ವರ್ಷವೂ ಅದೇ ಹಕ್ಕಿಗಳನ್ನು, ಅದೇ ಸ್ಥಳಗಳಲ್ಲಿ ನಿಂತು ಎಣಿಸುವುದು.